ನಡುವಿನ ಖುರ್ಚಿ ಯಾರದು?

ಮನೆಗೆ ಸ್ಟೀರಿಯೊ ತಂದವರ ಫಜೀತಿ ನೋಡಿದ್ದೀರಲ್ಲ? ಸ್ಪೀಕರ್ ಎರಡು, ಸರಿಯಾಗಿ ಕೇಳುವ ಜಾಗ ಮಾತ್ರ ಒಂದೇ. ಎರಡು ಡಬ್ಬಿಗಳ ನಡುವೆ ಎಷ್ಟು ಅಂತರವೋ, ಪ್ರತಿಯೊಂದರಿಂದಲೂ ಅಷ್ಟೇ ದೂರದಲ್ಲಿ ಖುರ್ಚಿ ಹಾಕಿ ಕೂತರೆ, ನಮ್ಮ ಗದಗಿನ ಭೀಮಸೇನ ಜೋಶಿಯವರು ಖಾಲಿ ಗೋಡೆಯ ನಟ್ಟನಡುವೆ ಬಂದು ಕೂತು ಹಾಡುತ್ತಾರೆ. ಒಂದು ಫೂಟು ಪಕ್ಕಕ್ಕೆ ಸರಿದರೋ, ಸೀದಾ ಹತ್ತಿರದ ಡಬ್ಬಿಯೊಳಗೆ ಹೊಕ್ಕುಬಿಡುತ್ತಾರೆ. ಆ ಡಬ್ಬಿಯ ದನಿ ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಮೊದಲು ಬಂದರೂ ಸಾಕು, ಕಿವಿ ಅದನ್ನೇ ನಂಬುತ್ತದೆ. ಕಿವಿಗೂ ಮೊದಲು ಬಂದವರಿಗೇ ಮಣೆ, ಅಲ್ಲೇನ್ರಿ?

ಈಗ ಸಿದ್ದಾಪುರದಂಥ ಊರಲ್ಲಿ, ಭತ್ತ ಮಾರಿ ಕೈಗೆ ಕೆಲಸವಿಲ್ಲದ ಹೊತ್ತಿನಲ್ಲಿ, ಮನೆಗೆ ಬೀಗರು ಬರುತ್ತಾರೆ. ಬೀಗರಿಗೆ ಒಳ್ಳೆಯ ಖುರ್ಚಿ ಬಿಟ್ಟುಕೊಡದಿದ್ದರೆ ಮರ್ಯಾದೆ ಉಳೀತದೇನು? ಅವರು ನಡುವಿನ ಖುರ್ಚಿಯಲ್ಲಿ ಆರಾಮಾಗಿ ಒರಗುತ್ತಾರೆ. ಹೆಗಲ ಮೇಲಿನ ಟವೆಲ್ ತೆಗೆದು, ಗೂಟ ಕಾಣದೆ, ಎಡಗಡೆಯ ಸ್ಪೀಕರ್ ಮೇಲೆ ಇಳಿಬಿಡುತ್ತಾರೆ. ಸಣ್ಣ ದನಿಯ ಟ್ವೀಟರ್ ಅದರ ಹಿಂದೆ ಮುಚ್ಚಿಹೋಗಿ, ತಂಬೂರಿಯ ಝೇಂಕಾರದ ಚೂಪು ಒಂದು ಕಡೆ ಮೊಂಡಾಯಿತು. ಬಲಗಡೆಯದರ ಮೇಲೆ ಚಹಾದ ಕಪ್ಪು. ಒಗ್ಗರಣೆ-ಮಿರ್ಚಿ ಮೆಲ್ಲುತ್ತ, "ಸೋನಾ ಮಸೂರಿ ಏನ್ ರೇಟ್ ನಡದೈತ್ರಿ?" ಅಂತ ಶುರು ಮಾಡುತ್ತಾರೆ. ಮನೆಯ ಯಜಮಾನ ಮೂಲೆಯ ಮಂಚದ ಮೇಲೆ ಕೂತು ಅರ್ಧ ಹಾಡು ಕೇಳುತ್ತ, ಪೂರ್ತಿ ನಗುತ್ತಿರಬೇಕು.

ಹಿಂದೆ ಈ ತಾಪತ್ರಯ ಇರಲಿಲ್ಲ ಬಿಡ್ರಿ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದ ಮೇಲೆ ಕಟ್ಟೆಯ ಮೇಲೆ ಒಂದು ರೇಡಿಯೊ ಇದ್ದರೆ ಓಣಿಯೇ ಕೇಳುತ್ತಿತ್ತು. ದನಿ ಬರುವುದೇ ಒಂದು ಬಾಯಿಂದ, ಎಲ್ಲಿ ಕೂತರೂ ಹಾಡುವವರು ಜಾಗ ಬಿಟ್ಟು ಕದಲುತ್ತಿರಲಿಲ್ಲ. ದೊಡ್ಡಾಟದಲ್ಲೂ ಅಷ್ಟೇ. ಮುಂದೆ ಕೂತವರಿಗೆ ವೇಷದ ಬಣ್ಣ ಚಂದ ಕಾಣಬಹುದು, ಹಿಂದೆ ಕಂಬಳಿ ಹೊದ್ದು ಮಲಗಿದವನಿಗೂ ಭಾಗವತರ ಪದ ಪೂರಾ ಮುಟ್ಟುತ್ತಿತ್ತು. ನಿದ್ದೆ ಹತ್ತಿದರೆ ಅದು ಅವನ ತಪ್ಪು.

ಸ್ಟೀರಿಯೊಗೆ 1931ರಲ್ಲಿ ಪೇಟೆಂಟಿನ ಅರ್ಜಿ ಹಾಕಿದ ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ ತಲೆಯಲ್ಲಿ ಇದ್ದದ್ದು ಸಿನಿಮಾ. ಪರದೆಯ ಮೇಲೆ ನಟ ಒಂದು ಕಡೆ, ಅವನ ದನಿ ಇನ್ನೊಂದು ಕಡೆ ಅನ್ನುವ ಎಡವಟ್ಟು ಸರಿಮಾಡಲು ಹೊರಟವನು ಆತ. ಥಿಯೇಟರಿನವರು ಆಮೇಲೆ ಪರದೆಯ ಹಿಂದೆ ನಡುವೆಯೇ ಮೂರನೆಯ ಸ್ಪೀಕರ್ ಇಟ್ಟು, ಮಾತನ್ನೆಲ್ಲ ಅದರಿಂದ ಆಡಿಸಿ, ಮೂಲೆಯ ಸೀಟಿನವನಿಗೂ ನ್ಯಾಯ ಕೊಟ್ಟರು. ಮನೆಯಲ್ಲಿ ಕೂತ ನಾವು ಮಾತ್ರ ಒಂದೇ ಖುರ್ಚಿಗೆ ಕಚ್ಚಾಡುತ್ತಿದ್ದೇವೆ.

ಒಂದು ಉಪಾಯ ಇದೆ. ನಡುವಿನ ಗೆರೆಯ ಮೇಲೆ ಎಲ್ಲಿ ಕೂತರೂ ಎರಡೂ ಡಬ್ಬಿಗಳಿಗೆ ದೂರ ಸಮ. ಅಂದರೆ ಎರಡನೆಯ ಒಳ್ಳೆಯ ಜಾಗ ಪಕ್ಕದಲ್ಲಿಲ್ಲ, ಬೀಗರ ಬೆನ್ನ ಹಿಂದಿದೆ! ಹಾಗಂತ ಖುರ್ಚಿಗಳನ್ನು ಗಂಗಾವತಿ ಬಸ್ಸಿನ ಸೀಟುಗಳ ಹಾಗೆ ಒಂದರ ಹಿಂದೊಂದು ಹಾಕಿ ನೋಡಿ. ದನಿ ಬರುತ್ತದೆ, ಮಾತು ನಿಲ್ಲುತ್ತದೆ. ಬೀಗರ ಪಟಕದ ಹಿಂದೆ ಕೂತು ಹಾಡು ಕೇಳುವ ಯಜಮಾನನನ್ನು ಹೆಣ್ಣುಮಕ್ಕಳು ಅಡುಗೆಮನೆಯಿಂದ ಇಣುಕಿ ನೋಡಿ ನಗದೆ ಇರುತ್ತಾರೇನು? ಇನ್ನೊಂದು ದಾರಿಯೆಂದರೆ ಡಬ್ಬಿಗಳ ಮುಖವನ್ನು ಇನ್ನಷ್ಟು ಒಳಕ್ಕೆ ತಿರುಗಿಸಿ, ಅವುಗಳ ನೋಟ ಖುರ್ಚಿಯ ಮುಂದೆಯೇ ಒಂದನ್ನೊಂದು ದಾಟುವಂತೆ ಇಡುವುದು. ಆಗ ಎಡಕ್ಕೆ ಕೂತವನಿಗೆ ದೂರದ ಡಬ್ಬಿ ನೇರ ಎದುರಾಗಿ ಜೋರಾಗುತ್ತದೆ, ಹತ್ತಿರದ್ದು ಓರೆಯಾಗಿ ತಗ್ಗುತ್ತದೆ. ನಡುವೆ ಕೂತವನಿಗೆ ಸ್ವಲ್ಪ ನಷ್ಟ, ಅಕ್ಕಪಕ್ಕದ ಇಬ್ಬರಿಗೂ ಸ್ವಲ್ಪ ಲಾಭ. ಪಂಚಾಯಿತಿ ತೀರ್ಪು ಹೀಗೇ ಅಲ್ವಾ?

ಬೇಲಿಯಾಚೆಯ ನೆರೆಯವರೇ, ನಿಮಗೆ ಇದ್ಯಾವುದೂ ಮುಟ್ಟುವುದಿಲ್ಲ, ಬರೀ ಢಬ್ ಢಬ್ ಕೇಳುತ್ತದೆ, ಗೊತ್ತು. ದಪ್ಪ ದನಿಗೆ ಗೋಡೆ ಅಡ್ಡಿಯಲ್ಲ. ಅದಕ್ಕೇ ಒಳಗೇ ಬಂದುಬಿಡ್ರಿ. ಬಂದವರಿಗೆ ನಡುವಿನ ಜಾಗ ಒಂದು ಹಾಡಿಗೆ, ಆಮೇಲೆ ಎದ್ದು ಮುಂದಿನವರಿಗೆ. ಬೀಗರಾದರೆ ಎರಡು ಹಾಡು.