ಹಾಪಾಚಾರ್ಯರ ಮಡಿ

ನನ್ನ ಗೆಳೆಯನಿಗೆ ತಂದೆ-ತಾಯಿ ಇಟ್ಟ ಹೆಸರು ಈಗ ಆಧಾರ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ನಮಗೆಲ್ಲ ಅವನು ಹಾಪಾಚಾರ್ಯ. ಹಾಪ್ಸ್ ಎಂದರೆ ಬೀರಿಗೆ ಕಹಿಯನ್ನೂ ಘಮವನ್ನೂ ಕೊಡುವ ಒಂದು ಬಳ್ಳಿಯ ಹೂವು. ಆಚಾರ್ಯ ಎಂಬುದು ಅವನ ಅಜ್ಜನ ಕಡೆಯಿಂದ ಇಳಿದು ಬಂದದ್ದು. ಅಜ್ಜ ಬಾವಿ ನೀರಲ್ಲದೆ ಬೇರೆ ನೀರು ಮುಟ್ಟುತ್ತಿರಲಿಲ್ಲವಂತೆ. ಮೊಮ್ಮಗ ಬೆಲ್ಜಿಯಮ್ಮಿನ ಸನ್ಯಾಸಿಗಳು ಮಾಡಿದ ಬೀರಲ್ಲದೆ ಬೇರೆ ಬೀರು ಮುಟ್ಟುವುದಿಲ್ಲ.

ಅವನನ್ನು ಕುಡುಕ ಅಂದುಕೊಂಡರೆ ತಪ್ಪಾಗುತ್ತದೆ. ರಾಮನವಮಿಯ ದಿನ ನಮ್ಮ ಬೀದಿಯಲ್ಲಿ ಒಬ್ಬೊಬ್ಬರು ಕುಡಿಯುವ ಪಾನಕದಷ್ಟು ಬೀರನ್ನು ಅವನು ತಿಂಗಳಿಡೀ ಕುಡಿಯುವುದಿಲ್ಲ. ಮಾತಾಡುವುದು ಮಾತ್ರ ಬಕೆಟ್‌ಗಟ್ಟಲೆ. ಹಾಸ್ಟೆಲ್ ದಿನಗಳಲ್ಲಿ ಹೀಗಿರಲಿಲ್ಲ. ಆಗ 650 ಮಿ.ಲೀ. ಬಾಟಲಿಯೊಂದನ್ನು ತಂದು, ಮುಚ್ಚಳವನ್ನು ಬಾಗಿಲ ಚಿಲಕಕ್ಕೆ ಕೊಟ್ಟು ಎಬ್ಬಿಸಿ, ಕಾಂಗ್ರೆಸ್ ಕಡಲೆಕಾಯಿ ನಂಜಿಕೊಂಡು, ಸ್ಟೀಲ್ ಲೋಟದಲ್ಲಿ ಕುಡಿದು ಮಲಗುತ್ತಿದ್ದ ಸಾಧು ಪ್ರಾಣಿ. ಕೆಟ್ಟಿದ್ದು 2011ರ ಆಚೀಚೆ, ಬೆಂಗಳೂರಿಗೆ ಮೈಕ್ರೋಬ್ರೂವರಿಗಳು ಬಂದಾಗ. ಗಾಜಿನ ಗೋಡೆಯ ಹಿಂದೆ ಹೊಳೆಯುವ ಹಂಡೆಗಳನ್ನು ನೋಡಿದ. ಅಲ್ಲಿಯ ಹುಡುಗನೊಬ್ಬ ಪುಟ್ಟ ಪುಟ್ಟ ಗ್ಲಾಸುಗಳನ್ನು ಹಲಗೆಯ ಮೇಲೆ ಜೋಡಿಸಿ ತಂದು, ‘ಸರ್, ಈ ಗೋಧಿ ಬೀರಲ್ಲಿ ಬಾಳೆಹಣ್ಣು, ಲವಂಗದ ಪರಿಮಳ ಬರುತ್ತೆ, ಎರಡನ್ನೂ ಹಾಕಿಲ್ಲ, ಯೀಸ್ಟಿಂದಲೇ ಬರೋದು’ ಅಂದ. ಇವನು ಮೂಸಿದ. ಬಂತು. ಅಲ್ಲಿಗೆ ಮುಗಿಯಿತು.

ಈಗ ಅವನಿಗೆ ಬೆಂಗಳೂರಿನ ಬೀರೂ ಸಾಲದು. ಸುಲಭಕ್ಕೆ ಸಿಗುವುದು ರುಚಿಯಾಗಿರುವುದಿಲ್ಲ ಎಂಬುದು ಅವನ ಸಿದ್ಧಾಂತ. ಅವನ ಭಾಮೈದ ಬ್ರಸೆಲ್ಸ್‌ನಲ್ಲಿದ್ದಾನೆ. ವರ್ಷಕ್ಕೊಮ್ಮೆ ಬರುವಾಗ ಅಕ್ಕನಿಗೆ ಚಾಕೊಲೇಟ್ ತರುತ್ತಿದ್ದ. ಈಗ ಆ ಜಾಗದಲ್ಲಿ, ಕಾಲುಚೀಲ ತೊಡಿಸಿದ ಬಾಟಲಿಗಳು ಮಲಗಿ ಬರುತ್ತವೆ. ಸುಂಕವಿಲ್ಲದೆ ತರಬಹುದಾದ ಮದ್ಯ ತಲೆಗೆ 2 ಲೀಟರ್. ಬಾಟಲಿಗೆ 330 ಮಿ.ಲೀ.ಯಂತೆ ಆರು ಬಾಟಲಿಗೆ 1980. ಉಳಿದ 20 ಮಿ.ಲೀ. ಸುಮ್ಮನೆ ವ್ಯರ್ಥವಾಯಿತಲ್ಲ ಎಂದು ಹಾಪಾಚಾರ್ಯ ಪ್ರತಿ ಸಲ ಕೊರಗುತ್ತಾನೆ. ಅಕ್ಕನ ಕೊರಗು ಚಾಕೊಲೇಟಿನದು, ಅದನ್ನು ಕೇಳುವವರಿಲ್ಲ.

ಕಳೆದ ಸಲ ಬಂದದ್ದರಲ್ಲಿ ವೆಸ್ಟ್‌ವ್ಲೆಟರೆನ್ 12 ಇತ್ತು. ಹೆಸರು ಹೇಳುವಾಗ ಅವನು ಎದ್ದು ನಿಲ್ಲಲಿಲ್ಲ, ಆದರೆ ಬೆನ್ನು ನೆಟ್ಟಗಾಯಿತು. ಬೆಲ್ಜಿಯಮ್ಮಿನ ಸಿಂಟ್ ಸಿಕ್ಸ್ಟಸ್ ಎಂಬ ಮಠದ ಸನ್ಯಾಸಿಗಳು ಮಾಡುವ ಬೀರು ಅದು. ಮಠದ ಖರ್ಚಿಗೆ ಬೇಕಾದಷ್ಟೇ ಮಾಡುತ್ತಾರೆ, ಲೋಕವೇ ಬಾಯಾರಿ ನಿಂತರೂ ಹೆಚ್ಚಿಗೆ ಮಾಡುವುದಿಲ್ಲ. ಬಹುಕಾಲ ಬಾಟಲಿಗೆ ಲೇಬಲ್ಲೇ ಇರಲಿಲ್ಲ, ವಿವರವೆಲ್ಲ ಹಳದಿ ಮುಚ್ಚಳದ ಮೇಲೆ. ಕೊಳ್ಳುವವರು ಮಠಕ್ಕೆ ಫೋನ್ ಹಚ್ಚಿ, ಕಾರಿನ ನಂಬರ್ ಕೊಟ್ಟು, ಹೇಳಿದ ಹೊತ್ತಿಗೆ ಬಾಗಿಲಿಗೆ ಹೋಗಿ ತರಬೇಕಾಗಿತ್ತು. ಈಚೆಗೆ ಬುಕಿಂಗ್ ಆನ್‌ಲೈನ್ ಆಗಿದೆ. ‘ಅದೊಂದು ನನಗೆ ಸರಿ ಬರಲಿಲ್ಲ, ಸಂಪ್ರದಾಯ ಬಿಡಬಾರದಿತ್ತು’ ಎಂದು ಹಾಪಾಚಾರ್ಯ ನಿಟ್ಟುಸಿರಿಟ್ಟ. ಮಂತ್ರಾಲಯದಲ್ಲಿ ಸೇವೆ ಬುಕಿಂಗ್ ಆನ್‌ಲೈನ್ ಆದಾಗ ಅವರಪ್ಪ ಇದೇ ನಿಟ್ಟುಸಿರನ್ನು ಇದೇ ಸೋಫಾದಲ್ಲಿ ಕೂತು ಬಿಟ್ಟಿದ್ದರು.

ಇಂಥ ಬಾಟಲಿಗಳನ್ನು ಹುಳಿ, ಮೊಸರು ಇಡುವ ಫ್ರಿಜ್ಜಿನಲ್ಲಿ ಇಡಲು ಅಮ್ಮ ಬಿಡುತ್ತಾರೆಯೇ? ಅದಕ್ಕೆಂದೇ ಬಾಲ್ಕನಿಯಲ್ಲಿ ಬೇರೆ ಸಣ್ಣ ಫ್ರಿಜ್ ಬಂತು. ಅದರ ಉಷ್ಣಾಂಶ 12 ಡಿಗ್ರಿ. ಗಾಢ ಬಣ್ಣದ ಬೀರನ್ನು ಐಸಿನಂತೆ ತಣ್ಣಗೆ ಮಾಡಿದರೆ ಪರಿಮಳವೆಲ್ಲ ಮುದುಡಿಕೊಳ್ಳುತ್ತದೆ ಎಂಬುದು ಅವನ ವಾದ, ಅದು ನಿಜವೂ ಹೌದು. ಆದರೆ ಒಂದು ಮಧ್ಯಾಹ್ನ ಅಮ್ಮ ಫ್ರಿಜ್ಜಿನೊಳಗೆ ಕೈಯಿಟ್ಟು ನೋಡಿ, ‘ಅಯ್ಯೋ, ಹೊಸಾ ಫ್ರಿಜ್ಜು, ತಣ್ಣಗೇ ಆಗ್ತಿಲ್ವಲ್ಲ’ ಎಂದು ಮೆಕ್ಯಾನಿಕ್‌ಗೆ ಫೋನ್ ಮಾಡಿಬಿಟ್ಟರು. ಅವನು ಬಂದು ಗುಂಡಿಯನ್ನು ಒಂದು ಸುತ್ತು ತಿರುಗಿಸಿ, 300 ರೂಪಾಯಿ ಇಸಿದುಕೊಂಡು ಹೋದ. ಸಂಜೆ ಮನೆಗೆ ಬಂದ ಹಾಪಾಚಾರ್ಯ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ಎದೆಗೊತ್ತಿಕೊಂಡು ಬೆಚ್ಚಗೆ ಮಾಡುತ್ತಿದ್ದ ದೃಶ್ಯವನ್ನು ಅವನ ಹೆಂಡತಿ ಫೋಟೋ ತೆಗೆದು ನಮಗೆಲ್ಲ ಕಳಿಸಿದಳು.

ಬಾಟಲಿ ತೆರೆಯುವುದಕ್ಕೆ ಮುಹೂರ್ತವಿದೆ. ನಮ್ಮನ್ನು ಒಂದು ವಾರ ಮುಂಚೆ ಕರೆಯುತ್ತಾನೆ. ಜೊತೆಗೆ ಸೂಚನೆಗಳು: ಸೆಂಟ್ ಹಾಕಿಕೊಂಡು ಬರಬೇಡಿ, ಪಾನ್ ಜಗಿದು ಬರಬೇಡಿ, ದಾರಿಯಲ್ಲಿ ಕಾಫಿ ಕುಡಿಯಬೇಡಿ. ಒಟ್ಟಿನಲ್ಲಿ ಬರಿಹೊಟ್ಟೆ, ಬರಿಮೂಗು. ಗ್ಲಾಸುಗಳನ್ನು ಮುಟ್ಟುವ ಅಧಿಕಾರ ಅವನೊಬ್ಬನಿಗೇ. ಸೋಪಿನ ಜಿಡ್ಡೋ ಎಣ್ಣೆಯ ಪಸೆಯೋ ಇದ್ದರೆ ನೊರೆ ನಿಲ್ಲುವುದಿಲ್ಲ. ಬಟ್ಟೆಯಲ್ಲಿ ಒರೆಸಿದರೆ ಎಳೆ ಅಂಟುತ್ತದೆ. ಆದ್ದರಿಂದ ಬರಿ ನೀರಲ್ಲಿ ಜಾಲಿಸಿ, ಬೋರಲು ಹಾಕಿ, ತಾನಾಗಿಯೇ ಆರಲು ಬಿಡಬೇಕು. ಸುರಿದ ಮೇಲೆ ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿ ಕೂತರೆ ಗ್ಲಾಸು ಮೈಲಿಗೆ. ಅವನು ‘ಮೈಲಿಗೆ’ ಅನ್ನುವುದಿಲ್ಲ, ‘ಬೀರ್ ಕ್ಲೀನ್ ಇಲ್ಲ’ ಅನ್ನುತ್ತಾನೆ. ಒಮ್ಮೆ ನಾನು ಮರೆತು ಒಂದು ಗ್ಲಾಸನ್ನು ಮುಟ್ಟಿದೆ. ಅವನು ಏನೂ ಅನ್ನಲಿಲ್ಲ, ಎತ್ತಿಕೊಂಡು ಹೋಗಿ ಮತ್ತೆ ತೊಳೆದು ತಂದ. ಅವನಜ್ಜಿ ಬದುಕಿದ್ದಾಗ, ಮಡಿಯಲ್ಲಿದ್ದ ಅವರಿಗೆ ನಾನು ಅರಿಯದೆ ತಗುಲಿದ್ದೆ. ಅವರೂ ಏನೂ ಅನ್ನದೆ ಬಚ್ಚಲಿಗೆ ಹೋಗಿದ್ದರು.

ಆಮೇಲೆ ಶಾಸ್ತ್ರ. ಮೊದಲು ಬಣ್ಣ ನೋಡಬೇಕು, ಆಮೇಲೆ ಗ್ಲಾಸನ್ನು ಮೆಲ್ಲಗೆ ತಿರುಗಿಸಿ ಮೂಸಬೇಕು, ಕೊನೆಗೆ ಆಚಮನದಷ್ಟು ನಾಲಿಗೆಗೆ. ಮೂಸಿದಾಗ ಏನು ಬಂತು ಎಂದು ಒಬ್ಬೊಬ್ಬರೂ ಹೇಳಬೇಕು. ಇದೇ ನಮಗೆ ಕಷ್ಟ. ಅವನಿಗೆ ಒಣದ್ರಾಕ್ಷಿ, ಅಂಜೂರ, ಸುಟ್ಟ ಸಕ್ಕರೆ, ಹಳೇ ತೊಗಲು ಎಲ್ಲ ಬರುತ್ತದೆ. ನಮಗೆ ಬೀರಿನ ವಾಸನೆ ಬರುತ್ತದೆ. ಅದನ್ನು ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾನೆ. ಪ್ರಮಾಣವಾಕ್ಯಕ್ಕೆ ಪ್ರತಿ ಸಲ ‘ಮೈಕಲ್ ಜಾಕ್ಸನ್ ಏನು ಹೇಳ್ತಾನೆ ಗೊತ್ತಾ?’ ಎಂದು ಶುರು ಮಾಡುತ್ತಾನೆ. ಈ ಜಾಕ್ಸನ್ ಹಾಡುಗಾರನಲ್ಲ. 1977ರಲ್ಲಿ ‘ದಿ ವರ್ಲ್ಡ್ ಗೈಡ್ ಟು ಬಿಯರ್’ ಬರೆದ ಇಂಗ್ಲಿಷ್ ಲೇಖಕ, ಲೋಕವೆಲ್ಲ ಸುತ್ತಿ ಬೀರಿನ ಬಗೆಗಳಿಗೆ ಹೆಸರು ಹಚ್ಚಿ ವಿಂಗಡಿಸಿದವನು. ಇದು ಗೊತ್ತಿರದ ಪಕ್ಕದ ಮನೆ ಅಂಕಲ್ ಒಂದು ಸಂಜೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ‘ಓಹೋ, ಆತ ಹಂಗೆ ಹಿಂದ್‌ಹಿಂದಕ್ಕೆ ನಡೀತಿದ್ದಿದ್ದು ಇದಕ್ಕೇನಾ’ ಅಂದರು.

ನಂಜಿಕೊಳ್ಳುವ ವಿಚಾರಕ್ಕೆ ಬಂದರೆ ಹಾಪಾಚಾರ್ಯ ನಿಜಕ್ಕೂ ಪಂಡಿತ, ಇಲ್ಲಿ ನಾನು ತಮಾಷೆ ಮಾಡುತ್ತಿಲ್ಲ. ‘ನಂಜಿಕೊಳ್ಳೋದು’ ಎಂಬ ಮಾತು ಬಾಯಿಗೆ ಬಂದರೆ ಮಾತ್ರ ಅವನು ‘ಪೇರಿಂಗ್’ ಎಂದು ತಿದ್ದುತ್ತಾನೆ. ಹಾಪ್ಸಿನ ಕಹಿ ಜಾಸ್ತಿಯಿರುವ ಇಂಡಿಯಾ ಪೇಲ್ ಏಲ್ ಜೊತೆ ಮೆಣಸಿನಕಾಯಿ ಬಜ್ಜಿ ನಿಷಿದ್ಧ. ಕಹಿ ಖಾರವನ್ನು ಎಬ್ಬಿಸುತ್ತದೆ, ಖಾರ ಕಹಿಯನ್ನು ಎಬ್ಬಿಸುತ್ತದೆ, ಕುಡಿದವನು ನೀರಿಗೆ ಓಡುತ್ತಾನೆ. ನಾವು ನಂಬದೆ ತಿಂದು ನೋಡಿ, ಓಡಿದೆವು. ಬಾಳೆಹಣ್ಣು ಘಮಿಸುವ ಗೋಧಿ ಬೀರಿಗೆ ಅವನು ಮಂಗಳೂರು ಬನ್ಸ್ ಕೊಟ್ಟ, ಬಾಳೆಹಣ್ಣಿಗೆ ಬಾಳೆಹಣ್ಣು. ಆ ದಿನ ನಾನು ಆರು ಬನ್ಸ್ ತಿಂದೆ, ಬೀರು ಎಷ್ಟು ಕುಡಿದೆನೋ ನೆನಪಿಲ್ಲ. ಮಡಿಕೇರಿಯ ಹೋಮ್‌ಸ್ಟೇ ಒಂದರಲ್ಲಿ, ಕಾಚಂಪುಳಿ ಹಾಕಿದ ಪಂದಿ ಕರಿಗೆ ಕರೀ ಪೋರ್ಟರ್ ಬೀರಿನಂಥ ಜೋಡಿ ಮೂರು ಲೋಕದಲ್ಲಿಲ್ಲ ಎಂದು ಕಂಡುಹಿಡಿದ. ಆ ಸಂಶೋಧನೆ ಅವನ ಅಮ್ಮನ ಮಟ್ಟಿಗೆ ಇನ್ನೂ ಪ್ರಕಟವಾಗಿಲ್ಲ.

ವೆಸ್ಟ್‌ವ್ಲೆಟರೆನ್ ತೆರೆದ ದಿನ ಬೇಳೆ ಹೋಳಿಗೆ. ಬೆಲ್ಲದ ಪಾಕದಂಥ ಬೀರಿಗೆ ಬೆಲ್ಲದ ಹೂರಣ. ತುಪ್ಪ ಇಲ್ಲ, ತುಟಿಯ ತುಪ್ಪ ಗ್ಲಾಸಿಗೆ ತಗುಲಿದರೆ ನೊರೆ ಸಾಯುತ್ತದೆ. ತುಪ್ಪವಿಲ್ಲದ ಹೋಳಿಗೆ ಬಡಿಸುವಾಗ ಅವನ ಅಮ್ಮನ ಮುಖ ನೋಡಲಾಗಲಿಲ್ಲ. ನಾವು ನಾಲ್ಕು ಜನ, ಬಾಟಲಿ ಒಂದು. ಅವನು ಕಣ್ಣಳತೆಯಲ್ಲಿ ಸುರಿದ, ತಲೆಗೆ 82 ಮಿ.ಲೀ. ಕೆಮ್ಮಿನ ಔಷಧಿಗೂ ಇದಕ್ಕಿಂತ ದೊಡ್ಡ ಬಾಟಲಿ ಕೊಡುತ್ತಾರೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು. ಆದರೆ ಇನ್ನೊಂದು ಗುಟುಕು ಇದೆ ಅಂದುಕೊಂಡಾಗಲೇ ಗ್ಲಾಸಿನ ತಳ ಕಂಡಿತ್ತು.

ಮುಂದಿನ ಸಲದ ಬಾಟಲಿ ಗ್ಯೂಜ್. ಅವನು ಮೂಗಿನಿಂದ ಹೇಳಿದರೂ ನಮ್ಮ ಕಿವಿಗೆ ಬಿದ್ದದ್ದು ಗೊಜ್ಜು. ಬ್ರಸೆಲ್ಸ್‌ನ ಕಾಂಟಿಯೋಂ ಎಂಬ ಹಳೇ ಕಾರ್ಖಾನೆಯದು, 1900ರಿಂದ ನಡೆಯುತ್ತಿದೆ. ಅಲ್ಲಿ ಯೀಸ್ಟ್ ಹಾಕುವುದಿಲ್ಲ. ಚಳಿಗಾಲದ ರಾತ್ರಿ, ಕುದಿಸಿದ ರಸವನ್ನು ಅಟ್ಟದ ಮೇಲಿನ ಅಗಲವಾದ ತಾಮ್ರದ ಕೊಪ್ಪರಿಗೆಯಲ್ಲಿ ತೆರೆದಿಡುತ್ತಾರೆ. ಗಾಳಿಯಲ್ಲಿರುವ ಯೀಸ್ಟು ತಾನೇ ಬಂದು ಸೇರುತ್ತದೆ. ಆಮೇಲೆ ಮರದ ಪೀಪಾಯಿಗಳಲ್ಲಿ ಒಂದು, ಎರಡು, ಮೂರು ವರ್ಷ ಕಳೆದದ್ದನ್ನು ಹದವರಿತು ಬೆರೆಸುತ್ತಾರೆ. ಅಟ್ಟದ ಜೇಡರ ಬಲೆಯನ್ನೂ ತೆಗೆಯುವುದಿಲ್ಲ, ಜೇಡ ಹುಳುಗಳನ್ನು ಹಿಡಿಯುತ್ತದಂತೆ. ‘ಸದ್ಯ, ಜೇಡರ ಬಲೆ ವಿಷಯ ಅಮ್ಮನಿಗೆ ಹೇಳ್ಬೇಡ’ ಎಂದು ಅವನ ಹೆಂಡತಿ ಒಳಗಿನಿಂದ ಕೂಗಿದಳು.

ಹುಳಿ ಬೀರಿಗೆ ಅಲ್ಲಿ ಚಿಪ್ಪುಮೀನು ಕೊಡುತ್ತಾರೆ. ಇಲ್ಲಿ ಗೊಜ್ಜವಲಕ್ಕಿ. ಬಾಟಲಿ ತೆರೆದು ನಾಲ್ಕು ಮೂಗುಗಳು ಗ್ಲಾಸಿನೊಳಗೆ ಇಳಿದಿದ್ದಾಗ, ಅಮ್ಮ ತಟ್ಟೆ ಹಿಡಿದು ಬಾಲ್ಕನಿಯ ಬಾಗಿಲಿಗೆ ಬಂದರು, ನಿಂತರು, ಸೆರಗು ಮೂಗಿಗೆ ಹೋಯಿತು.

‘ಏನೋ ಇದು! ಮಳೇಲಿ ನೆನೆದ ಕಂಬಳಿ ನಾತ!’

ಹಾಪಾಚಾರ್ಯನ ಕೈ ನಡುಗಿತು. ಒಳಗೆ ಓಡಿಹೋಗಿ ಪುಸ್ತಕ ತಂದು, ಪುಟ ಹುಡುಕಿ, ನಮ್ಮ ಮುಖಕ್ಕೆ ಹಿಡಿದ. ಕುದುರೆ ಕಂಬಳಿ! ಈ ಜಾತಿಯ ಬೀರಿನ ಪರಿಮಳಕ್ಕೆ ತಜ್ಞರು ಬಳಸುವ ಮಾತೇ ಅದು. ಮೂರು ವರ್ಷದಿಂದ ನಮ್ಮಲ್ಲೊಬ್ಬನ ಮೂಗಿಗೂ ಸಿಗದಿದ್ದ ಕಂಬಳಿ.

‘ಅಮ್ಮಾ, ಇನ್ನೇನು ಬರುತ್ತೆ? ಸರಿಯಾಗಿ ಹೇಳು.’

‘ದೋಸೆ ಹಿಟ್ಟು ಎರಡು ದಿನ ಆಚೆಗಿಟ್ಟ ಹಾಗಿದೆ. ಒಂಚೂರು ನಿಂಬೆಕಾಯಿ ಉಪ್ಪಿನಕಾಯಿ, ಹಳೇದು, ಜಾಡಿಯ ತಳದ್ದು.’ ಅವನು ಮೊಬೈಲಿನ ಆ್ಯಪ್‌ನಲ್ಲಿ ಒಂದಕ್ಷರ ಬಿಡದೆ ಕುಟ್ಟುತ್ತಿದ್ದ. ಅಮ್ಮ ತಟ್ಟೆ ಇಟ್ಟು ಹೊರಡುತ್ತ, ‘ಪಾಪ, ಆ ಹುಡುಗನಿಗೆ ಯಾರೋ ಕೆಟ್ಟು ಹೋಗಿರೋದನ್ನ ದಾಟಿಸಿದಾರೆ’ ಅಂದರು.

ಆಗಿನಿಂದ ಪದ್ಧತಿ ಬದಲಾಗಿದೆ. ಬಾಟಲಿ ತೆರೆದ ಕೂಡಲೆ ಮೊದಲ ಗ್ಲಾಸು ಅಡುಗೆಮನೆಯ ಹೊಸಿಲ ತನಕ ಹೋಗುತ್ತದೆ, ಹೊಸಿಲು ದಾಟುವುದಿಲ್ಲ. ಅಮ್ಮ ಕೈಯಲ್ಲಿ ಮುಟ್ಟದೆ, ಒಳಗೆ ನಿಂತೇ ಕತ್ತು ಚಾಚಿ, ಒಮ್ಮೆ ಮೂಸಿ, ತೀರ್ಪು ಕೊಟ್ಟು ಒಗ್ಗರಣೆಗೆ ಹಿಂದಿರುಗುತ್ತಾರೆ. ಅಲ್ಲಿಯವರೆಗೆ ನಾವು ಗ್ಲಾಸು ಎತ್ತುವ ಹಾಗಿಲ್ಲ. ಮೊನ್ನೆ ಒಂದಕ್ಕೆ ‘ಇದು ಪರವಾಗಿಲ್ಲ’ ಅಂದರಂತೆ. ಹಾಪಾಚಾರ್ಯ ಆ ಬಾಟಲಿಯ ಮುಚ್ಚಳವನ್ನು ಇನ್ನೂ ಅಂಗಿ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾನೆ.