ಜಮಾಂತರವಾದ: ವಸೂಲಿಶಾಸ್ತ್ರಕ್ಕೊಂದು ಜ್ಞಾನಮೀಮಾಂಸಕ ಪ್ರವೇಶಿಕೆ

ಪ್ರಸ್ತುತ ಸಂಪ್ರಬಂಧವು ನ್ಯೂಜೆರ್ಸಿಯ ಎಡಿಸನ್ ಪರಿಸರದ ಸಾಲವಸೂಲಿ ಏಜೆನ್ಸಿಗಳ ಲೆಕ್ಕಪದ್ಧತಿಯನ್ನು ಅಂತರ್‌ಶಿಸ್ತೀಯ ನೆಲೆಗಟ್ಟಿನಲ್ಲಿ ಮುಖಾಮುಖಿಯಾಗುವ ವಿನಮ್ರ ಯತ್ನ. ಒಂದು ಸಾಲಕ್ಕೆಂದು ಕಟ್ಟಿದ ದುಡ್ಡು ಆ ದೇಹ ಬಿಟ್ಟು ಇನ್ನೊಂದು ಸಾಲದಲ್ಲಿ ಹುಟ್ಟುವ ವಿದ್ಯಮಾನಕ್ಕೆ ನಾವು ‘ಜಮಾಂತರ’ ಎಂಬ ಪರಿಭಾಷೆಯನ್ನು ಟಂಕಿಸಿದ್ದೇವೆ.

೧. ಆಕರ ಸಾಮಗ್ರಿ

ಎದೆನೋವೆಂದು ಸಂಶೋಧಕನು ಒಂದು ರಾತ್ರಿ ಎಮರ್ಜೆನ್ಸಿಗೆ ಹೋದನು. ಗ್ಯಾಸ್ ಎಂದು ತಿಳಿಯಿತು. ಬಿಲ್ಲು ಎರಡು ಬಂದವು: ಆಸ್ಪತ್ರೆಯದೊಂದು, ಎಕ್ಸ್‌ರೇ ನೋಡಿದ ಡಾಕ್ಟರದೊಂದು. ಮೊದಲನೆಯದು ನಾನು ಕೊಡಬೇಕಾದದ್ದೇ. ಎರಡನೆಯದನ್ನು ಇನ್ಶೂರೆನ್ಸಿನವರು ಆಗಲೇ ಕೊಟ್ಟಿದ್ದರು. ಹಾಗೆಂದು ತಕರಾರು ಬರೆದು ಕಳಿಸಿದ್ದೆ. ಎರಡೂ ಒಂದೇ ಏಜೆನ್ಸಿಯ ಕೈಸೇರಿದವು. ಚೆಕ್ಕಿನ ಎಡಮೂಲೆಯ ಗೆರೆಯ ಮೇಲೆ ಆಸ್ಪತ್ರೆಯ ಫೈಲ್ ನಂಬರನ್ನು ದಪ್ಪಕ್ಷರದಲ್ಲಿ ಬರೆದು ಪೂರ್ತಿ ಕಟ್ಟಿದೆ. ಅವರು ಎಕ್ಸ್‌ರೇಗೆ ಜಮಾ ಮಾಡಿದರು. ಆಸ್ಪತ್ರೆಯ ಬಾಕಿ ಹಾಗೇ ನಿಂತಿತು. ತಕರಾರಿನ ಬಾಕಿಗೆ ಬಂದ ಉತ್ತರ ಇದು: “ದುಡ್ಡು ಕಟ್ಟಿದ್ದೀರಲ್ಲ ಸರ್, ಅಂದ್ಮೇಲೆ ಒಪ್ಪಿಕೊಂಡ ಹಾಗೇ ಅಲ್ವೇ?”

೨. ಪೂರ್ವಪಕ್ಷ

ಚಿಪ್ಪಿನಲ್ಲಿ ಬೆಳ್ಳಿ ಕಾಣುವುದನ್ನು ನೈಯಾಯಿಕರು ಅನ್ಯಥಾಖ್ಯಾತಿ ಎಂದರು. ಬೆಳ್ಳಿ ಸುಳ್ಳಲ್ಲ, ಎಲ್ಲೋ ಇದೆ, ಇಲ್ಲಿಲ್ಲ ಅಷ್ಟೆ. ನನ್ನ ದುಡ್ಡಿನ ಸ್ಥಿತಿಯೂ ಇದೇ. ಆದರೆ ನ್ಯಾಯಶಾಸ್ತ್ರದ ಭ್ರಮೆ ಸರಿಯಾದ ಪ್ರಮಾಣ ಕೊಟ್ಟರೆ ಬಿಡುತ್ತದೆ. ಬ್ಯಾಂಕಿನಿಂದ ಚೆಕ್ಕಿನ ಎರಡೂ ಬದಿಯ ನಕಲು ತಂದು, ಸರ್ಟಿಫೈಡ್ ಅಂಚೆಯಲ್ಲಿ ಕಳಿಸಿ, ಸಹಿಬಿದ್ದ ಹಸಿರು ಸ್ವೀಕೃತಿ ಕಾರ್ಡು ವಾಪಸು ಬಂದ ಮೇಲೂ ಏಜೆನ್ಸಿಯ ಭ್ರಮೆ ಬಿಡಲಿಲ್ಲ. ನ್ಯಾಯಶಾಸ್ತ್ರದ ಗೌತಮ ಮಹರ್ಷಿಗಳು ಕಾಲ್ ಸೆಂಟರ್ ಕಂಡಿರಲಿಲ್ಲ.

೩. ವಸೂಲಿಗಾರರ ಪಂಚವಿಧ ವರ್ಗೀಕರಣ

ಅ) ಮಧುರಭಾಷಿ: “ನಿಮ್ಮ ಕಷ್ಟ ಅರ್ಥವಾಗುತ್ತೆ” ಎಂದು ಕಾರ್ಡ್ ನಂಬರ್ ಕೇಳುವವರು.
ಆ) ವರ್ಗಾವಣಾಚಾರ್ಯ: ಇನ್ನೊಂದು ವಿಭಾಗಕ್ಕೆ ದಾಟಿಸುವವರು, ಆ ವಿಭಾಗದವರು ಮಧುರಭಾಷಿಗೇ ದಾಟಿಸುತ್ತಾರೆ.
ಇ) ಸಿಸ್ಟಮ್‌ವಾದಿ: “ಹಳೇ ಬಾಕಿಗೆ ಮೊದಲು ಹಾಕೋದು ಸಿಸ್ಟಮ್ಮು ಸರ್, ನಾವಲ್ಲ.”
ಈ, ಉ) ಓದುಗರು ತಮ್ಮ ತಮ್ಮ ಫೋನೆತ್ತಿ ತುಂಬಿಕೊಳ್ಳತಕ್ಕದ್ದು. ನನಗೆ ಸಾಕಾಗಿದೆ.

೪. ಸಿದ್ಧಾಂತ

ಇದರಲ್ಲಿ ಮೀಮಾಂಸೆಗೆ ಜಾಗವೇ ಇಲ್ಲ. 1977ರ ಫೆಡರಲ್ ಸಾಲವಸೂಲಿ ಕಾಯ್ದೆಯ 810ನೆಯ ಕಲಮು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದೆ: ಹಲವು ಸಾಲವಿದ್ದವರು ಕಟ್ಟಿದ ಹಣವನ್ನು ತಕರಾರಿರುವ ಸಾಲಕ್ಕೆ ಹಾಕಕೂಡದು, ಸಾಲಗಾರ ಯಾವುದಕ್ಕೆ ಎಂದಿದ್ದರೆ ಅದಕ್ಕೇ ಹಾಕಬೇಕು. 809ನೆಯ ಕಲಮಿನ ಪ್ರಕಾರ ನೋಟಿಸು ಬಂದ 30 ದಿನದೊಳಗೆ ಬರೆದು ತಕರಾರು ಮಾಡಿದರೆ, ಸಾಲದ ಪುರಾವೆ ಕಳಿಸುವ ತನಕ ವಸೂಲಿ ನಿಲ್ಲಿಸಬೇಕು. ಬರೆದು ಎಂಬುದನ್ನು ನೆನಪಿಡಿ. ಫೋನಿನಲ್ಲಿ ಕೂಗಾಡಿದ್ದಕ್ಕೆ ಆ ಬಲ ಬರುವುದಿಲ್ಲ. ಇದನ್ನೆಲ್ಲ ಮುರಿದರೆ ನಿಜವಾದ ನಷ್ಟದ ಮೇಲೆ ಕೋರ್ಟು ಕೊಡಿಸಬಹುದಾದ ಹೆಚ್ಚುವರಿ ಪರಿಹಾರ 1,000 ಡಾಲರು ಮೀರದು. 1977ರಲ್ಲೂ ಅಷ್ಟೇ, ಇವತ್ತಿಗೂ ಅಷ್ಟೇ. ನಮ್ಮ ಬಾಕಿಗೆ ಬಡ್ಡಿ ಬೆಳೆದೀತು, ಅವರ ತಪ್ಪಿನ ಬೆಲೆ ಬೆಳೆಯುವುದಿಲ್ಲ.

೫. ಉಪಸಂಹಾರ

ಯುಗಾದಿ ಊಟದ ಪಂಕ್ತಿಯಲ್ಲಿ ಈ ಕತೆ ಹೇಳಿದರೆ ಪಕ್ಕದವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, “ಅಯ್ಯೋ, ಇನ್ನೊಂದ್ಸಲ ಕಟ್ಟಿ ಬಿಸಾಕ್ರೀ, ಕ್ರೆಡಿಟ್ ಸ್ಕೋರ್ ಬಿದ್ದುಹೋಗುತ್ತೆ” ಎಂದರು. ಎಲ್ಲರೂ ಕೊಡುವ ಬುದ್ಧಿವಾದವೇ ಇದು. ಆಸ್ಪತ್ರೆ ಸಾಲವನ್ನು ಕ್ರೆಡಿಟ್ ರಿಪೋರ್ಟಿಗೆ ಏರಿಸದಂತೆ ನ್ಯೂಯಾರ್ಕ್ 2023ರ ಡಿಸೆಂಬರಿನಲ್ಲಿ, ನ್ಯೂಜೆರ್ಸಿ 2024ರ ಜುಲೈನಲ್ಲಿ ಕಾನೂನು ಮಾಡಿವೆ. ಆದರೂ ಭಯ ಹೋಗಿಲ್ಲ, ಏಜೆನ್ಸಿ ಬದುಕಿರುವುದೇ ಆ ಭಯದ ಮೇಲೆ.

ನನಗೆ ಇಂಗ್ಲಿಷ್ ಬರುತ್ತದೆ, ಮಧ್ಯಾಹ್ನ ಫೋನ್ ಹಿಡಿದು ಕೂರಲು ಬಿಡುವ ಕೆಲಸವಿದೆ, ಹಟವಿದೆ. ಜರ್ಸಿ ಸಿಟಿಯಲ್ಲಿ ನಾಲ್ವರ ಜೊತೆ ಒಂದು ರೂಮಿನಲ್ಲಿರುವ ವಿದ್ಯಾರ್ಥಿಗೆ, ಗಂಟೆ ಲೆಕ್ಕದಲ್ಲಿ ಅಂಗಡಿಯಲ್ಲಿ ದುಡಿಯುವ ಹೆಂಗಸಿಗೆ ಏನಿದೆ? ಅವರು ಸುಮ್ಮನೆ ಎರಡನೇ ಸಲ ಕಟ್ಟುತ್ತಾರೆ. ಅದು ಯಾವ ಲೆಕ್ಕದಲ್ಲೂ ಕಳ್ಳತನವೆಂದು ದಾಖಲಾಗುವುದಿಲ್ಲ. ತಪ್ಪು ಏಜೆನ್ಸಿಯದು, ರುಜುವಾತು ನಮ್ಮದು ಎಂಬ ಈ ನ್ಯಾಯ ಎಲ್ಲಿಯದು? ದುಡ್ಡು ಎಲ್ಲಿಗೆ ಹೋಯಿತೆಂದು ತೋರಿಸುವ ಹೊಣೆ ದುಡ್ಡು ತೆಗೆದುಕೊಂಡವರ ಮೇಲಿರಲಿ. ಅಲ್ಲಿಯತನಕ ಒಂದು ಪೈಸೆಯನ್ನೂ ಎರಡನೇ ಸಲ ಕಟ್ಟಬೇಡಿ.