ತೊಟ್ಟ ಬಟ್ಟೆ ಹಾರುವಷ್ಟು ರುಚಿ

"ಪಾಪ, ಮುದುಕಪ್ಪಂಗೆ ಸೆಕೆ ಆಯ್ತಾ ಅದೆ. ಯಾರಾರ ಫ್ಯಾನ್ ಹಾಕ್ಬಾರ್ದಾ?" ಅಂದಳು ಅವ್ವ.

ಟೀವಿಯಲ್ಲಿ ಬಿಳಿ ಗಡ್ಡದ, ಗುಡ್ಡದಂಥ ಮೈಕಟ್ಟಿನ ಒಬ್ಬ ಜಪಾನಿ ಅಜ್ಜ ಒಂದು ತುತ್ತು ಬಾಯಿಗಿಟ್ಟಿದ್ದ. ಇಟ್ಟಿದ್ದೇ ತಡ, ಅವನು ತೊಟ್ಟ ಕಿಮೋನೋ ಭುಜದಿಂದ ಜಾರಿ ಸೊಂಟಕ್ಕೆ ಬಂದು ನಿಂತಿತ್ತು. ಗರಡಿಮನೆ ಉಸ್ತಾದರ ಎದೆಯಂಥ ಎದೆ.

"ಸೆಕೆ ಅಲ್ಲ ಕಣವ್ವ. ಊಟ ಅಷ್ಟು ರುಚಿಯಾಗಿದೆ ಅಂತ."

"ರುಚಿಯಾದ್ರೆ ಇನ್ನೊಸಿ ಹಾಕುಸ್ಕಂಡು ಉಣ್ಬೇಕು. ಬಟ್ಟೆ ಯಾಕ್ಲಾ ಬಿಚ್ಚಾನು?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಪಕ್ಕದಲ್ಲಿದ್ದ ನನ್ನ ತಂಗಿಯ ಮಗ ದಿಂಬು ಕಚ್ಚಿಕೊಂಡು ನಗುತ್ತಿದ್ದ. ಈ ಜಾಲಕ್ಕೆ ನನ್ನನ್ನು ಕೆಡವಿದವನೂ ಅವನೇ. ಮೈಸೂರಿನಲ್ಲಿ ನಮ್ಮ ಜೊತೆಗಿದ್ದು ಇಂಜಿನಿಯರಿಂಗ್ ಓದುವ ಹುಡುಗ. "ಮಾವ, ಹೆಂಗೂ ಮನೇಲಿ ಅಡುಗೆ ನಿಮ್ದೇ ಅಲ್ವಾ, ಇದನ್ನ ಒಂದ್ಸಲ ನೋಡಿ" ಅಂತ ಹಚ್ಚಿಕೊಟ್ಟ. ಐವತ್ನಾಲ್ಕು ವರ್ಷಕ್ಕೆ ಕಾರ್ಟೂನು ನೋಡುವುದೇ ಅಂತ ಮೂಗು ಮುರಿದೆ. ಆಮೇಲೆ ಎಚ್ಚರವಾದಾಗ ಏಳು ಕಂತು ಮುಗಿದಿದ್ದವು. ರುಬ್ಬಿಟ್ಟಿದ್ದ ದೋಸೆ ಹಿಟ್ಟು ಉಕ್ಕಿ ಅಡುಗೆಕಟ್ಟೆಯ ಮೇಲೆ ಹರಿದಿತ್ತು.

ಸರಣಿಯ ಹೆಸರು 'ಶೊಕುಗೆಕಿ ನೊ ಸೋಮಾ'. ಇಂಗ್ಲಿಷಿನಲ್ಲಿ ಅದನ್ನು 'ಫುಡ್ ವಾರ್ಸ್' ಅಂತ ಕರೆಯುತ್ತಾರೆ. ಶೊಕು ಅಂದರೆ ಊಟ, ಗೆಕಿ ಅಂದರೆ ಈಟಿಯಂಥ ಒಂದು ಹಳೇ ಆಯುಧ. ಮೊದಲು ಇದು 2012ರಿಂದ 2019ರವರೆಗೆ 'ಷೋನೆನ್ ಜಂಪ್' ವಾರಪತ್ರಿಕೆಯಲ್ಲಿ ಚಿತ್ರಕಥೆಯಾಗಿ ಬಂತು. ಕಥೆ ತ್ಸುಕುದಾ ಯೂತೊ ಅವರದು, ಚಿತ್ರ ಸಾಯೆಕಿ ಷುನ್ ಅವರದು. ಪಾಕವಿಧಾನಕ್ಕೆಂದೇ ಮೊರಿಸಾಕಿ ಯೂಕಿ ಎಂಬ, ನಿಜಕ್ಕೂ ಅಡುಗೆ ಬಲ್ಲ ಹೆಣ್ಣುಮಗಳು ಜೊತೆಗಿದ್ದರು. ಇಲ್ಲಿ ತೋರಿಸುವ ಅಡುಗೆ ಸುಳ್ಳಲ್ಲ, ಉಂಡವರ ಮೈಮೇಲೆ ಬರುವುದಷ್ಟೇ ಸುಳ್ಳು. 2015ರಲ್ಲಿ ಅನಿಮೆ ಎಂಬ ಜಪಾನಿ ಕಾರ್ಟೂನಾಗಿ ಶುರುವಾಗಿ 2020ಕ್ಕೆ ಮುಗಿಯಿತು. ಐದು ಭಾಗ, ಒಟ್ಟು 86 ಕಂತು. ಅಷ್ಟನ್ನೂ ನೋಡಿದ್ದೇನೆ. ಹೆಂಡತಿ ಬ್ಯಾಂಕಿನ ಕೆಲಸದ ಮೇಲೆ ವಾರವಿಡೀ ಹಾಸನದಲ್ಲಿರುವುದರಿಂದ ಇದು ಸಾಧ್ಯವಾಯಿತು. ಅವಳಿಗೆ ಈ ಲೆಕ್ಕ ಹೇಳಿಲ್ಲ.

ಕಥೆ ನಮ್ಮ ಮೆಸ್ಸುಗಳಂಥ ಒಂದು ಸಣ್ಣ ಊಟದ ಹೋಟೆಲಿನಲ್ಲಿ ಶುರುವಾಗುತ್ತದೆ. ಯುಕಿಹಿರಾ ಸೋಮಾ ಹದಿನೈದರ ಹುಡುಗ. ಅಪ್ಪನ ಜೊತೆ ಅಡುಗೆ ಪಂದ್ಯ ಕಟ್ಟಿ 480ಕ್ಕೂ ಹೆಚ್ಚು ಸಲ ಸೋತಿದ್ದಾನೆ. ಒಂದು ದಿನ ಅಪ್ಪ ಇದ್ದಕ್ಕಿದ್ದಂತೆ ಹೋಟೆಲಿಗೆ ಬೀಗ ಹಾಕಿ, ಮಗನನ್ನು ತೋತ್ಸುಕಿ ಎಂಬ ಅಡುಗೆ ಶಾಲೆಗೆ ಅಟ್ಟುತ್ತಾನೆ. ಸೇರಿದವರಲ್ಲಿ ನೂರಕ್ಕೆ ಹತ್ತು ಮಂದಿ ಪಾಸಾದರೆ ಹೆಚ್ಚು. ಉಳಿದವರು ಒಂದು ಸಾಸು ಹೊತ್ತಿಸಿದ್ದಕ್ಕೆ, ಒಂದು ಆಮ್ಲೆಟ್ ಕೂತುಹೋಗಿದ್ದಕ್ಕೆ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೋಗಬೇಕು. ಜಗಳ ಬಂದರೆ ಹೊಡೆದಾಡುವಂತಿಲ್ಲ, ಅಡುಗೆ ಮಾಡಿಯೇ ತೀರಿಸಿಕೊಳ್ಳಬೇಕು. ಅದಕ್ಕೇ ಶೊಕುಗೆಕಿ ಅನ್ನುವುದು. ಇಬ್ಬರೂ ಒಪ್ಪಿ ಪಣ ಕಟ್ಟಬೇಕು. ಕೆಲವರು ಶಾಲೆಯಲ್ಲಿ ತಮ್ಮ ಜಾಗವನ್ನೇ ಪಣಕ್ಕಿಡುತ್ತಾರೆ. ಪಗಡೆ ಬಿಟ್ಟು ಪಾಯಸದಲ್ಲಿ ಪಂದ್ಯ ಕಟ್ಟಿದ್ದರೆ ಪಾಂಡವರು ರಾಜ್ಯ ಕಳೆದುಕೊಳ್ಳುತ್ತಿರಲಿಲ್ಲ. ಭೀಮ ಇದ್ದನಲ್ಲ.

ನನ್ನನ್ನು ಹಿಡಿದು ಕೂರಿಸಿದ್ದು ಈ ಪಂದ್ಯಗಳಲ್ಲ. ಪ್ರವೇಶ ಪರೀಕ್ಷೆಯ ಒಂದು ದೃಶ್ಯ. ಮೊಟ್ಟೆಯದು ಏನಾದರೂ ಮಾಡಿ ಅನ್ನುತ್ತಾಳೆ ನಾಕಿರಿ ಎರಿನಾ. ಅವಳದು ದೇವರು ಕೊಟ್ಟ ನಾಲಿಗೆ ಎಂದು ಊರಿಗೆಲ್ಲ ಪ್ರಸಿದ್ಧಿ. ಅವಳು ಪರೀಕ್ಷಕಿ ಅಂತ ತಿಳಿದೇ ಮಿಕ್ಕ ಹುಡುಗರು ಓಟ ಕಿತ್ತಿರುತ್ತಾರೆ. ಸೋಮಾ ಬಿಸಿ ಅನ್ನದ ಮೇಲೆ ಮೊಟ್ಟೆಯ ಪುಡಿ ಉದುರಿಸಿ, ಜೊತೆಗೆ ಹೊಳೆಯುವ ಸಣ್ಣ ಸಣ್ಣ ತುಂಡುಗಳನ್ನು ಹಾಕುತ್ತಾನೆ. ಅವು ಕೋಳಿ ರೆಕ್ಕೆಯ ರಸ ಬೇಯಿಸಿ, ಆರಿಸಿ, ಗಟ್ಟಿಯಾದ ಮೇಲೆ ಕೊಯ್ದ ತುಂಡುಗಳು. ಅನ್ನದ ಶಾಖಕ್ಕೆ ಕರಗಿ, ಒಂದೊಂದು ಅಗುಳನ್ನೂ ನೆನೆಸಿಕೊಂಡು ಕೆಳಗಿಳಿಯುತ್ತವೆ. ಮೇಲೆ ತೇಲಿಬರುವ ಹಬೆಯನ್ನು ಚಿತ್ರ ಬರೆದವರು ಎಷ್ಟು ಆಸೆಯಿಂದ ಬರೆದಿದ್ದಾರೆಂದರೆ, ರಾತ್ರಿ ಹನ್ನೊಂದಕ್ಕೆ ನಾನು ಎದ್ದು ತಂಗಳನ್ನ ಬಿಸಿ ಮಾಡಿಕೊಂಡೆ. ಎರಿನಾ ಒಂದು ತುತ್ತಿಗೆ ಸ್ವರ್ಗಕ್ಕೆ ಹೋಗಿ ಬಂದು, ಮುಖ ಗಂಟಿಕ್ಕಿಕೊಂಡು, "ಚೆನ್ನಾಗಿಲ್ಲ" ಅಂದುಬಿಡುತ್ತಾಳೆ.

ಆಹಾ! ನನಗೆ ಈ ಹುಡುಗಿ ಗೊತ್ತು. ಐವತ್ನಾಲ್ಕು ವರ್ಷದಿಂದ ಗೊತ್ತು.

ಅವ್ವನಿಗೆ ಎಂಬತ್ತೊಂದು. ಮಂಡ್ಯ ಸೀಮೆಯ ನಾಲಿಗೆ. ಹಾಲಿನಲ್ಲಿ ಕೂತೇ, ಒಳಗೆ ಸಾಸಿವೆ ಸಿಡಿಯುವ ಮೊದಲೇ ನಾನು ಕರಿಬೇವು ಹಾಕಿದ್ದನ್ನು ವಾಸನೆಯಲ್ಲಿ ಹಿಡಿಯುತ್ತಾಳೆ. ಅವಳ ಬಾಯಿಂದ ಬರುವ ತೀರ್ಪುಗಳು ಮೂರೇ. "ಉಪ್ಪು ಯಾರು ಹಾಕಿದ್ದು?" ಅಂದರೆ ಫೇಲು. "ಹೂಂ" ಅಂದರೆ ಮೂವತ್ತೈದು ಮಾರ್ಕು. "ಉಣ್ಬೋದು" ಅಂದರೆ ರ‍್ಯಾಂಕು. ಅದು ನನಗೆ ಇದುವರೆಗೆ ಎರಡು ಸಲ ಬಂದಿದೆ, ಒಂದು ಸಲ ಅವಳಿಗೆ ನೆಗಡಿಯಾಗಿತ್ತು.

ಅಡುಗೆ ಮಾಡುವವನು ಆ ಕಡೆ ಸೌಟು ಹಿಡಿದು ಉಂಡವರ ಮುಖವನ್ನೇ ನೋಡುತ್ತ ನಿಂತಿರುತ್ತಾನಲ್ಲ, ಅವನ ಸಂಕಟಕ್ಕೆ ಕಟ್ಟಿದ ಸ್ವರ್ಗ ಈ ಸರಣಿ. ಇಲ್ಲಿ ಉಂಡವನು ಮೊಬೈಲು ನೋಡುವುದಿಲ್ಲ. ಕಣ್ಣು ಮುಚ್ಚುತ್ತಾನೆ, ಕಡಲಿಗೆ ಬೀಳುತ್ತಾನೆ, ಮೋಡದಲ್ಲಿ ತೇಲುತ್ತಾನೆ, ಬಟ್ಟೆ ಹಾರಿಹೋಗುತ್ತದೆ. ಆಮೇಲೆ ಭೂಮಿಗೆ ಬಂದು, ಈರುಳ್ಳಿಯನ್ನು ಎಷ್ಟು ಹೊತ್ತು ಹುರಿದದ್ದು, ಹುಳಿ ಯಾವ ಘಳಿಗೆಯಲ್ಲಿ ಬಿತ್ತು ಅಂತ ವಿವರವಾಗಿ ಹೇಳುತ್ತಾನೆ. ಇಂಥ ಒಬ್ಬ ಸಾಕು, ನಾನು ದಿನಾ ಶಾವಿಗೆ ಒತ್ತುತ್ತೇನೆ. ಜಪಾನಿನಲ್ಲಿ ಇದು ಹೊಸ ಹುಚ್ಚೂ ಅಲ್ಲವಂತೆ. 1987ರಲ್ಲಿ ಬಂದ 'ಮಿಸ್ಟರ್ ಅಜಿಕ್ಕೊ' ಎಂಬ ಅನಿಮೆಯಲ್ಲಿ ರುಚಿ ನೋಡಿದ ಮುದುಕನ ಬಾಯಿಂದ ಬೆಳಕೇ ಬರುತ್ತಿತ್ತು.

ಒಂದು ಮಾತು ಹೇಳಿಬಿಡುತ್ತೇನೆ. ಅಜ್ಜನ ಕಿಮೋನೋ ಜಾರಿದರೆ ನಗು ಬರುತ್ತದೆ, ಶಾಲೆಗೆ ಹೋಗುವ ಹೆಣ್ಣುಮಕ್ಕಳನ್ನು ಅದೇ ನೆಪದಲ್ಲಿ ಹಾಗೆ ತೋರಿಸಿದರೆ ಬರುವುದಿಲ್ಲ. ಅಲ್ಲೆಲ್ಲ ರಿಮೋಟು ಒತ್ತಿ ಓಡಿಸಿದೆ. ಕೊನೆಯ ಭಾಗಗಳಲ್ಲಿ ಕಥೆಗೂ ಉಪ್ಪು ಖಾರ ತಪ್ಪಿದೆ. ಐದನೆಯದರಲ್ಲಿ ಒಬ್ಬಳು ಯಂತ್ರದ ಗರಗಸ ಹಿಡಿದು ಅಡುಗೆಗೆ ನಿಲ್ಲುತ್ತಾಳೆ. ಅದು ಮರದ ಮಿಲ್ಲಿನವರು ನೋಡಬೇಕಾದ ಕಂತು.

ಆದರೆ ಶಾಲ್ಯಾಪಿನ್ ಸ್ಟೇಕಿನ ಪ್ರಸಂಗ ನೋಡಿ. ಎದುರಾಳಿಯ ಬಳಿ ಜಪಾನಿನಲ್ಲೇ ಅತಿ ದುಬಾರಿ ದರ್ಜೆಯ ಮಾಂಸ. ಸೋಮಾ ತಂದಿರುವುದು ಅಂಗಡಿಯ ಅಗ್ಗದ ಮಾಲು. ಅದನ್ನು ಹೆಚ್ಚಿದ ಈರುಳ್ಳಿಯಲ್ಲಿ ಹೂತಿಟ್ಟು ಮೆತ್ತಗೆ ಮಾಡಿ ಗೆಲ್ಲುತ್ತಾನೆ. ಇದು ಕಥೆಗಾರನ ಕಲ್ಪನೆಯಲ್ಲ. 1936ರಲ್ಲಿ ರಷ್ಯಾದ ಮಹಾಗಾಯಕ ಶಾಲ್ಯಾಪಿನ್ ಟೋಕಿಯೋಗೆ ಹೋಗಿದ್ದಾಗ ಹಲ್ಲುನೋವು ಹಿಡಿದಿತ್ತು. ಅಗಿಯಲಾಗದವನಿಗಾಗಿ ಇಂಪೀರಿಯಲ್ ಹೋಟೆಲಿನ ಬಾಣಸಿಗರು ಹುಡುಕಿದ ಉಪಾಯ ಅದು. ನಾನು ಇದನ್ನು ದೊಡ್ಡ ಸಂಶೋಧನೆಯಂತೆ ಅವ್ವನಿಗೆ ವಿವರಿಸಿದೆ.

"ಈರುಳ್ಳಿ ಯಾಕೆ? ಪರಂಗಿಕಾಯಿ ತುರಿದು ಹಾಕಿದ್ರೆ ಇನ್ನೂ ಬಿರ್‍ರನೆ ಬೇಯ್ತದೆ. ನಿಮ್ಮಪ್ಪ ಮುದಿ ಮೇಕೆ ತಂದಾಗೆಲ್ಲ ನಾನು ಹಾಕ್ತಿರ್ನಿಲ್ವಾ?"

ಎಂಟು ಮಕ್ಕಳು ಮರಿಗೆ, ಬಂದ ನೆಂಟರಿಗೆ ಇದ್ದುದರಲ್ಲೇ ಅಡುಗೆ ಮಾಡಿದವಳು. ಬೆಂದ ಸೊಪ್ಪು, ಬೇಳೆಯನ್ನು ಬಸಿದು ಪಲ್ಯ ಮಾಡಿ, ಬಸಿದ ನೀರನ್ನೂ ಚೆಲ್ಲದೆ ಬಸ್ಸಾರು ಮಾಡಿದವಳು. ಕೋಳಿ ರೆಕ್ಕೆಯ ರಸದಲ್ಲಿ ಸೋಮಾ ತೋರಿಸುವುದೂ ಇದನ್ನೇ. ಶಾಲೆಯ ಶ್ರೀಮಂತ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುವ ಜಾಗದಲ್ಲಿ ಅವ್ವ ಆಕಳಿಸುತ್ತಾಳೆ. ಅವಳು ಒಂದೇ ಒಂದು ಸಲ ಬೆಚ್ಚಿದ್ದು ಹಯಾಮಾ ಎಂಬ ಹುಡುಗ, ಮಸಾಲೆಯ ವಾಸನೆಯಲ್ಲಿ ಪಂಡಿತ, ಮೀನಿನ ತಲೆಯ ಕರಿಗೆ ತುಳಸಿ ಹಾಕಿದಾಗ. "ಮೀನ್ಗೆ ತುಳಸೀನಾ? ಶಿವಶಿವಾ!" ಅಂತ ಕೆನ್ನೆಗೆ ಹೊಡೆದುಕೊಂಡಳು. ಆ ಸುತ್ತಿನಲ್ಲಿ ಹಯಾಮಾಗೆ 94, ನಮ್ಮ ಸೋಮಾಗೆ 93. ಒಂದು ಮಾರ್ಕು ತುಳಸಿಯ ಪುಣ್ಯ ಅಂತ ಇಟ್ಟುಕೊಳ್ಳಿ.

ಸೋಮಾನಿಗೆ ಒಂದು ಕೆಟ್ಟ ಚಾಳಿ ಇದೆ. ಸ್ಕ್ವಿಡ್ಡಿನ ಕಾಲಿಗೆ ಕಡಲೆಕಾಯಿ ಬೆಣ್ಣೆ ಮೆತ್ತಿ ಸ್ನೇಹಿತರ ಬಾಯಿಗೆ ತುರುಕುವುದು. ಎಡವಟ್ಟು ಮಾಡದೆ ಅಡುಗೆ ಬರುವುದಿಲ್ಲ ಅಂತ ಅವನ ವಾದ. ನನಗೂ ಹುರುಪು ಬಂತು. ಸೋದರಳಿಯ ಜಿಮ್ಮಿಗೆಂದು ತಂದಿಟ್ಟ ಕಡಲೆಕಾಯಿ ಬೆಣ್ಣೆ ಕಪಾಟಿನಲ್ಲಿತ್ತು. ಎರಡು ಚಮಚ ಬಸ್ಸಾರಿಗೆ ಬಿಟ್ಟೆ. ಅವ್ವ ಮುದ್ದೆ ಮುರಿದು, ಸಾರಿಗದ್ದಿ, ನುಂಗಿ, ಸ್ವಲ್ಪ ಹೊತ್ತು ಸುಮ್ಮನಿದ್ದಳು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

"ಸಾರಿಗೆ ಸೋಪು ಬಿತ್ತೇನ್ಲಾ?"

ಮೂರಕ್ಕೆ ನಾಲ್ಕನೆಯ ತೀರ್ಪು ಸೇರಿತು.

ಜಪಾನಿನಲ್ಲಿ ಉಂಡವರು ಊಟ ಮುಗಿಸಿ ಕೃತಜ್ಞತೆ ಹೇಳಿದಾಗ ಬಡಿಸಿದವರು 'ಒಸೊಮತ್ಸು ಸಮಾ' ಅನ್ನುತ್ತಾರೆ. ನಾವು "ಏನೂ ಮಾಡಿಲ್ಲ, ಬರೀ ಅನ್ನ ಸಾರು" ಅನ್ನುತ್ತೇವಲ್ಲ, ಅಂಥದೇ ಸಂಕೋಚದ ಮಾತು. ಸೋಮಾ ಮಾತ್ರ ಎದುರಾಳಿ ನೆಲಕಚ್ಚಿದ ಮೇಲೆ, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ, "ಒಸೊಮತ್ಸು!" ಅಂತ ಗೆಲುವಿನ ಕಹಳೆಯಂತೆ ಕೂಗುತ್ತಾನೆ. ಒಂದು ಸಲ ಹಾಗೆ ಕೂಗಬೇಕು ಅನ್ನುವುದು ನನ್ನ ಬಹುದಿನದ ಆಸೆ.

ಹೋದ ಭಾನುವಾರ ತಲೆಗೆ ಟವೆಲು ಕಟ್ಟಿದೆ. ಪ್ರಯೋಗ ಗೀಯೋಗ ಏನೂ ಇಲ್ಲ. ದಂಟಿನ ಸೊಪ್ಪು, ತೊಗರಿಬೇಳೆ, ಬೆಳ್ಳುಳ್ಳಿ ಸುಟ್ಟು ರುಬ್ಬಿದ ಖಾರ. ಎಸರು ಕುದಿದ ಮೇಲೆ ರಾಗಿ ಹಿಟ್ಟು ಸುರಿದು, ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಗಂಟಿಲ್ಲದಂತೆ ಕೋಲಲ್ಲಿ ತಿರುವಿದೆ. ಭುಜ ಇವತ್ತಿಗೂ ನೋಯುತ್ತಿದೆ. ಅವ್ವ ಒಂದು ಮಾತೂ ಆಡದೆ ಪೂರ್ತಿ ಮುದ್ದೆ ಉಂಡಳು. ತಟ್ಟೆಯಲ್ಲಿ ಸಾರಿನ ಗೆರೆಯೂ ಉಳಿಯಲಿಲ್ಲ. ಅಳಿಯ ಮೊಬೈಲು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದ. ಇದೇ ಹೊತ್ತು ಅಂದುಕೊಂಡು, ಟವೆಲು ಕಿತ್ತು, ಎದೆಯುಬ್ಬಿಸಿ ಕೂಗಿದೆ.

"ಒಸೊಮತ್ಸು!"

ಅವ್ವ ತಲೆಯೆತ್ತಿ ನೋಡಿದಳು.

"ಒಸಿ ಮೊಸ್ರಾ? ಬ್ಯಾಡ ಬುಡು. ಒಸಿ ಸಾರು ಹಾಕು."